ಅವಳನ್ನೇ ಕೇಳಿ

ಬೆಂಗಳೂರಿನ ಉತ್ತರದ ಅಂಚಿನಲ್ಲಿ ತಗಡಿನ ಶೆಡ್ಡುಗಳ ಸಾಲೊಂದಿದೆ. ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳು ಅಲ್ಲಿ ನಮ್ಮೂರ ಕಸ ಆಯ್ದು, ಪ್ಲಾಸ್ಟಿಕ್ ಬೇರೆ, ರಟ್ಟು ಬೇರೆ ಮಾಡಿ ಬದುಕುತ್ತಿವೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ನಾಲ್ಕೈದು ಹೆಂಗಸರು ಸೇರಿ ಅಲ್ಲಿಗೆ ಹೋದೆವು. ಅಕ್ಕಿ, ಬೇಳೆ, ಜೊತೆಗೆ ಒಗೆದು ಇಸ್ತ್ರಿ ಮಾಡಿಸಿದ ಹಳೇ ಸೀರೆಗಳ ದೊಡ್ಡ ಗಂಟು. ಆರೇಳು ತಿಂಗಳ ಬಸುರಿ ಹುಡುಗಿಯೊಬ್ಬಳು ಗಂಟನ್ನು ಎರಡೂ ಕೈಯಲ್ಲಿ ಈಸಿಕೊಂಡು ಮೂಲೆಯಲ್ಲಿಟ್ಟಳು. ಅಂಥವೇ ಇನ್ನೂ ಮೂರು ಗಂಟು ಅಲ್ಲಿದ್ದವು. ಒಂದು ಸೀರೆ ಮಾತ್ರ ಬಳಕೆಗೆ ಬಂದಿತ್ತು. ಒಲೆಗೂ ಮಲಗುವ ಜಾಗಕ್ಕೂ ನಡುವೆ ಪರದೆಯಾಗಿ ತೂಗುತ್ತಿತ್ತು. ಆ ಹೆಂಗಸರು ಸೀರೆ ಉಡುವವರಲ್ಲ. ಏನು ಉಡುತ್ತೀರಿ ಎಂದು ನಾವು ಕೇಳಿರಲಿಲ್ಲ.

ನಮ್ಮ ಜೊತೆ ಬಂದಿದ್ದ ನಿವೃತ್ತ ಉರ್ದು ಟೀಚರ್ ಅವಳ ಪಕ್ಕ ಕೂತರು. ಅರ್ಧ ಉರ್ದು, ಅರ್ಧ ಕೈಸನ್ನೆ. ಕಾಲು ಗಂಟೆಯ ಮೇಲೆ ವಿಷಯ ಹೊರಬಿತ್ತು: ಆಸ್ಪತ್ರೆಗೆ ಹೋದರೆ ತಾಯಿ ಕಾರ್ಡ್ ಕೇಳುತ್ತಾರೆ, ತಾಯಿ ಕಾರ್ಡಿಗೆ ಹೋದರೆ ಆಧಾರ್ ಕೇಳುತ್ತಾರೆ, ಎರಡು ಸಲ ಸಾಲಿನಿಂದಲೇ ವಾಪಸ್ ಬಂದಿದ್ದಾಳೆ. "ಬಾಜಿ, ಮಂಗಳವಾರ ನನ್ನ ಜೊತೆ ಬರ್ತೀರಾ?" ಎಂದಳು.

ನಿರಾಶ್ರಿತರು ಎಂಬ ನಮ್ಮ ಪದವೇ ಅವರು ಕಳಕೊಂಡದ್ದು ಸೂರು ಎಂದು ಹೇಳಿಕೊಡುತ್ತದೆ. ಸೂರು ಹೋಗುವುದು ನಿಜ. ಅದರ ಜೊತೆಗೇ, ಯಾರಿಗೂ ಕಾಣದಂತೆ, ಇನ್ನೊಂದೂ ಹೋಗಿರುತ್ತದೆ: ತನ್ನ ಬಗ್ಗೆ ತಾನೇ ತೀರ್ಮಾನಿಸುವ ಅಧಿಕಾರ. ಎಲ್ಲಿ ಮಲಗಬೇಕು, ಏನು ಉಣ್ಣಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಎಲ್ಲವನ್ನೂ ಬೇರೆಯವರು ಹೇಳುತ್ತಾರೆ. ಸಹಾಯಕ್ಕೆ ಹೋದವರೂ ಹಾಗೇ ಹೇಳಲು ಶುರುಮಾಡಿದರೆ, ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಂಗಸರ ಮನಸ್ಸು ಮೆತ್ತಗೆ, ಆದ್ದರಿಂದ ಇಂಥ ಸೇವೆ ಅವರಿಗೇ ಸರಿ ಎನ್ನುವುದುಂಟು. ನಾನು ಒಪ್ಪುವುದಿಲ್ಲ. ಸ್ವಯಂಸೇವಕಿಗೆ ಸಿಗುವುದು ಬೇರೆಯದೇ ಒಂದು ಅನುಕೂಲ. ಆ ಸೀರೆಯ ಪರದೆಯ ಆಚೆ ಗಂಡಸರು ಹೋಗುವಂತಿಲ್ಲ, ಅವಳು ಹೋಗಬಹುದು. ಮುಟ್ಟಿನ ಬಟ್ಟೆ, ಎದೆಹಾಲು ಬತ್ತಿದ್ದು, ಗಂಡನ ಏಟು, ಬಂದ ದಾರಿಯಲ್ಲಿ ಆದದ್ದು, ಇವೆಲ್ಲ ಪರದೆಯ ಆಚೆಗಷ್ಟೇ ಬಾಯಿಗೆ ಬರುವ ಮಾತುಗಳು. ಒಳಗೆ ಹೋದವಳು ಕೇಳಿದ ಮಾತನ್ನು ಏನು ಮಾಡುತ್ತಾಳೆ ಎಂಬಲ್ಲಿ ಎಲ್ಲವೂ ನಿಂತಿದೆ.

ಈ ಪ್ರಶ್ನೆಯನ್ನು ನಮ್ಮ ದೇಶ ಅತಿ ಕಠಿಣವಾಗಿ ಎದುರಿಸಿದ್ದು ವಿಭಜನೆಯ ಕಾಲದಲ್ಲಿ. 1947ರ ಅಕ್ಟೋಬರ್‌ನಲ್ಲಿ ಮಸ್ಸೂರಿಯಲ್ಲಿ ಗಂಡ ಶಫಿ ಅಹ್ಮದ್ ಕಿದ್ವಾಯಿ ಕೊಲೆಯಾದ ಮೇಲೆ ಅನೀಸ್ ಕಿದ್ವಾಯಿ ಗಾಂಧೀಜಿಯ ಬಳಿ ಬಂದರು. ಗಾಂಧೀಜಿ ಅವರನ್ನು ದೆಹಲಿಯ ಶಿಬಿರಗಳ ಕೆಲಸಕ್ಕೆ ಹಚ್ಚಿದರು. ಪುರಾನಾ ಕಿಲಾ, ಹುಮಾಯೂನ್ ಗೋರಿ, ಎರಡೂ ಕಡೆ ದೇಶ ಬಿಡಲು ಕಾದಿದ್ದ ಮುಸ್ಲಿಮರು ತುಂಬಿದ್ದರು. ತನ್ನ ಗಾಯ ಇನ್ನೂ ಹಸಿಯಾಗಿರುವಾಗಲೇ ಆಕೆ ಇನ್ನೊಬ್ಬ ಕಾರ್ಯಕರ್ತೆ ಸುಭದ್ರಾ ಜೋಶಿಯವರ ಜೊತೆ ಓಡಾಡಿ ಪರರ ಗಾಯ ನೋಡಿದರು.

ಅದೇ ಹೊತ್ತಿಗೆ ಭಾರತ, ಪಾಕಿಸ್ತಾನ ಎರಡೂ ಸರ್ಕಾರಗಳು ಅಪಹೃತ ಹೆಂಗಸರನ್ನು ಹುಡುಕಿ ಅವರವರ ದೇಶಕ್ಕೆ ಮರಳಿಸಲು ಒಪ್ಪಂದ ಮಾಡಿಕೊಂಡವು. ಮೃದುಲಾ ಸಾರಾಭಾಯಿ ನಮ್ಮ ಕಡೆಯ ಕೆಲಸದ ಮುಂದಾಳು. ಅವರ ಕರೆಗೆ ಗುಜರಾತಿನ ಕಮಲಾಬೆನ್ ಪಟೇಲ್ ಲಾಹೋರಿಗೇ ಹೋಗಿ ವರ್ಷಗಟ್ಟಲೆ ದುಡಿದರು. ಸಾವಿರಾರು ಹೆಂಗಸರು ನರಕದಿಂದ ಪಾರಾದರು, ಅದನ್ನು ಅಲ್ಲಗಳೆಯಲಾಗದು. ಆದರೆ ಈ ಕೆಲಸಕ್ಕೆಂದೇ ಮಾಡಿದ 1949ರ ಕಾಯ್ದೆಯನ್ನು ಒಮ್ಮೆ ಓದಿ ನೋಡಬೇಕು. ಗಂಡಾದರೆ 16 ವರ್ಷದೊಳಗಿನವನು ಮಾತ್ರ 'ಅಪಹೃತ'. ಹೆಣ್ಣಾದರೆ ಎಷ್ಟೇ ವಯಸ್ಸಿನವಳಾಗಿರಲಿ. ನಲವತ್ತರ ಹೆಂಗಸೂ ಕಾನೂನಿನ ಕಣ್ಣಿಗೆ ಮಗು. ಶಿಬಿರದಲ್ಲಿ ಕೂಡಿಹಾಕಿದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಹೊಸ ಸಂಸಾರ ಕಟ್ಟಿಕೊಂಡು, ಮಗು ಹೆತ್ತು, "ನಾನು ಹೋಗಲಾರೆ" ಎಂದು ಅತ್ತವರನ್ನೂ ಹೊರಡಿಸಲಾಯಿತು. ಆ ಅಳುವನ್ನು ಮೊದಲು ಕೇಳಿಸಿಕೊಂಡವರು ಪರದೆಯ ಆಚೆ ಹೋಗಬಲ್ಲ ಸ್ವಯಂಸೇವಕಿಯರೇ. ಸರ್ಕಾರಕ್ಕೆ ಅವರು ಬೇಕಾಗಿದ್ದದ್ದೂ ಅದೇ ಕಾರಣಕ್ಕೆ. ಅನೀಸ್, ಕಮಲಾಬೆನ್ ಇಬ್ಬರೂ ಮುಂದೆ ಬರೆದ ನೆನಪುಗಳಲ್ಲಿ ಈ ಸಂಕಟವನ್ನು ಮುಚ್ಚಿಡಲಿಲ್ಲ. ಅವರ ದೊಡ್ಡತನ ನನಗೆ ಕಾಣುವುದು ಅಲ್ಲಿ. ಕಳಿಸಿದವರ ಆಜ್ಞೆಗೂ ಎದುರಿಗೆ ಕೂತವಳ ಮಾತಿಗೂ ನಡುವೆ ಸಿಕ್ಕಿಬಿದ್ದಾಗ, ಎದುರಿಗಿದ್ದವಳ ಮಾತು ಅವರ ಕಿವಿಯಿಂದ ಹೋಗಲೇ ಇಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಬೇರೆ ದಾರಿ ಹಿಡಿದರು. ಕುರುಕ್ಷೇತ್ರದ ಶಿಬಿರದಲ್ಲಿ ಆಗ ಸುಮಾರು 3 ಲಕ್ಷ ಜನ. ಕೈಚಾಚಿ ಬದುಕುವುದು ರೂಢಿಯಾದರೆ ಮನುಷ್ಯ ಒಳಗಿಂದಲೇ ಕುಸಿಯುತ್ತಾನೆ ಎಂಬ ಆತಂಕ ಅವರದು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ಮೊದಲು ದೆಹಲಿ ಬಳಿಯ ಛತ್ತರ್‌ಪುರದಲ್ಲಿ ನಿರಾಶ್ರಿತರ ಕೂಡು ಬೇಸಾಯ, ಆಮೇಲೆ ಫರೀದಾಬಾದಿನಲ್ಲಿ ಒಂದು ಊರು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರು ಸಹಕಾರ ಸಂಘ ಮಾಡಿಕೊಂಡು ತಮ್ಮ ಮನೆಗಳಿಗೆ ತಾವೇ ಇಟ್ಟಿಗೆ ಹೊತ್ತರು. ತನ್ನ ಮನೆಯ ಗೋಡೆಯನ್ನು ತಾನೇ ಎಬ್ಬಿಸಿದವನಿಗೆ ಅದರ ಬಾಗಿಲು ಎಲ್ಲಿರಬೇಕು ಎಂದು ಹೇಳುವ ಧೈರ್ಯವೂ ಬರುತ್ತದೆ.

ಹಸಿದವನ ಮುಂದೆ ಕೂತು ಅಭಿಪ್ರಾಯ ಕೇಳುವುದೇ, ಮೊದಲು ಅನ್ನ ಕೊಡಿ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಓಡಿಬಂದ ಮೊದಲ ರಾತ್ರಿ ಕಂಬಳಿಯ ಬಣ್ಣ ಕೇಳುತ್ತ ಕೂರಬೇಕಿಲ್ಲ. ಆದರೆ ಮೊದಲ ರಾತ್ರಿಯ ರೀತಿ ಹತ್ತು ವರ್ಷವಾದರೂ ಮುಗಿಯುವುದಿಲ್ಲವಲ್ಲ, ಅದಕ್ಕೇನು ಹೇಳುವುದು? ಆ ಮೂಲೆಯ ಗಂಟುಗಳು ಅದಕ್ಕೆ ಸಾಕ್ಷಿ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಯಾರಿಗೆ ಏನು ಸಿಗಬೇಕೆಂಬುದು ಆಯಾ ಕಾಲದ ಸರ್ಕಾರದ ಮನಸ್ಸಿಗೆ ಬಿಟ್ಟದ್ದು. ಟಿಬೆಟಿನಿಂದ ಬಂದವರಿಗೆ 1960ರ ಸುಮಾರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸಾವಿರಾರು ಎಕರೆ ಕೊಟ್ಟಿತು. ಅದೇ ರಾಜ್ಯದಲ್ಲಿ ತಗಡಿನ ಶೆಡ್ಡಿನವರು ಇಂದು ಕಸ ಆಯುವ ಜಾಗದಲ್ಲೇ ಮಲಗುತ್ತಾರೆ. ಟೀಚರ್ ಒಬ್ಬರು ಮಂಗಳವಾರ ಆಟೋ ಹತ್ತಿ ಹೋದರೆ ಈ ಕೊರತೆ ತುಂಬೀತೇ? ಇಲ್ಲ. ಕಾನೂನು ಬೇಕೇ ಬೇಕು, ಅದನ್ನು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಬಸುರಿ ಕಾಯುವಂತಿಲ್ಲ.

ಟೀಚರ್ ಹೋದರು, ಒಂದಲ್ಲ, ಏಳು ಮಂಗಳವಾರ. ಹೆರಿಗೆಯಾಯಿತು. ಜನನ ನೋಂದಣಿಯ ಕೌಂಟರಿನಲ್ಲಿ ಗುಮಾಸ್ತರು ಇವರ ಮುಖವನ್ನೇ ನೋಡುತ್ತ, "ಮೇಡಂ, ಮಗು ಹೆಸರೇನು ಬರೀಲಿ?" ಎಂದರಂತೆ. "ತಾಯಿ ಇಲ್ಲೇ ಇದ್ದಾಳಲ್ಲ, ಅವಳನ್ನೇ ಕೇಳಿ" ಎಂದು ಇವರು ಒಂದು ಹೆಜ್ಜೆ ಹಿಂದೆ ಸರಿದರು. ಹುಡುಗಿ ಕೂಸನ್ನು ಎದೆಗವಚಿಕೊಂಡು ಕೌಂಟರಿನ ಕಿಂಡಿಗೆ ಬಾಗಿ ಹೆಸರು ಹೇಳಿದಳು. ಗುಮಾಸ್ತರಿಗೆ ತಿಳಿಯಲಿಲ್ಲ. ದನಿ ಏರಿಸಿ ಇನ್ನೊಮ್ಮೆ ಹೇಳಿದಳು. ಅವರು ಬರೆದುಕೊಂಡರು.