ಪಿ.ಜಿ. ಅಂದರೆ ಬಾಡಿಗೆ ಮಂಚ ಮಾತ್ರವಲ್ಲ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ – ಈ ಮೂರರಲ್ಲಿ ಎಲ್ಲಿ ಇಳಿದರೂ ಕಣ್ಣಿಗೆ ಬೀಳುವುದು ‘ಪಿ.ಜಿ.’ ಬೋರ್ಡು. ಹಾಗಾಗಿ ನಮ್ಮ ಕಡೆ ಯಾರಾದರೂ ‘ಪಿ.ಜಿ. ಸೇರ್ತಿದ್ದೀನಿ’ ಎಂದರೆ, ‘ಅಡ್ವಾನ್ಸ್ ಎಷ್ಟು, ಊಟ ಹೇಗಿದೆ?’ ಎಂದು ಕೇಳುವವರೇ ಹೆಚ್ಚು. ಅದು ಸ್ನಾತಕೋತ್ತರ ಓದು ಎಂದು ತಿಳಿಸಿದರೆ ಎಂಬಿಎನಾ, ಎಂಸಿಎನಾ ಎನ್ನುತ್ತಾರೆ. ಇತಿಹಾಸದಲ್ಲಿ ಎಂ.ಎ. ಎಂದಮೇಲೆ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ನಾನು ಪೀಣ್ಯ ಎರಡನೇ ಹಂತದ ಪಕ್ಕದಲ್ಲಿ ಬೆಳೆದವಳು. ಅಪ್ಪ ಲೇತ್ ಆಪರೇಟರ್, ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಈಗ ಇತಿಹಾಸದ ಎಂ.ಎ. ಓದುತ್ತಿದ್ದೇನೆ. ಲೇತ್ ಮೇಲೆ ಕೂರಿಸುವ ಕಬ್ಬಿಣದ ತುಂಡಿಗೆ ಅಪ್ಪ ‘ಜಾಬ್’ ಅನ್ನುತ್ತಾರೆ. ‘ಓದಿದ ಮೇಲೆ ಜಾಬ್ ಏನಮ್ಮಾ?’ ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಹೇಳಬೇಕಾದದ್ದು ಇನ್ನೊಂದಿದೆ. ನಮ್ಮಂಥವರು ಮಾನವಿಕ ವಿಷಯಗಳ ಉನ್ನತ ಓದಿನಿಂದ ಹೊರಗುಳಿಯುವುದು ಅಂಕ ಕಡಿಮೆ ಎಂಬ ಕಾರಣಕ್ಕೆ ಅಂತ ಜನ ತಿಳಿದಿದ್ದಾರೆ. ನಾನು ಕಂಡದ್ದು ಬೇರೆ. ನಮ್ಮನ್ನು ಹೊರಗಿಡುತ್ತಿರುವುದು ಕ್ಯಾಲೆಂಡರು, ಪ್ರಮಾಣಪತ್ರ ಮತ್ತು ಭಾಷೆ.

ಕ್ಯಾಲೆಂಡರಿನಿಂದಲೇ ಶುರು ಮಾಡೋಣ. ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶಕ್ಕೆ 2022ರಿಂದ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪರೀಕ್ಷೆ ಇದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ದೆಹಲಿಯ ಜೆಎನ್‌ಯು – ಎಲ್ಲಕ್ಕೂ ಇದೇ ಬಾಗಿಲು. 2025ರ ಪರೀಕ್ಷೆಗೆ ಅರ್ಜಿ ಶುರುವಾಗಿದ್ದು ಜನವರಿ ಆರಂಭದಲ್ಲಿ, ಮುಗಿದಿದ್ದು ಫೆಬ್ರುವರಿ ಎರಡನೇ ವಾರದೊಳಗೆ. ಪರೀಕ್ಷೆ ನಡೆದಿದ್ದು ಮಾರ್ಚ್‌ನಲ್ಲಿ. ಅಂದರೆ ಅಂತಿಮ ವರ್ಷದ ವಿದ್ಯಾರ್ಥಿಗಳು ಇನ್ನೂ ತರಗತಿಯಲ್ಲಿರುವಾಗಲೇ ಎಲ್ಲ ಮುಗಿದಿರುತ್ತದೆ. ನಮ್ಮ ಕಾಲೇಜುಗಳಲ್ಲಿ ‘ಮುಂದೇನು’ ಎಂಬ ಮಾತು ಬರುವುದೇ ಕೊನೆಯ ಸೆಮಿಸ್ಟರ್ ಫಲಿತಾಂಶದ ನಂತರ. ರಾಜ್ಯದ ವಿಶ್ವವಿದ್ಯಾಲಯಗಳು ಆಗ ಅರ್ಜಿ ಕರೆಯುತ್ತವೆ, ಅದಕ್ಕೆ ಆ ಹೊತ್ತು ಸರಿ. ಆದರೆ ಅಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತದೆ.

ನನಗೆ ಇದು ಗೊತ್ತಾಗಿದ್ದು ನಮ್ಮ ಇತಿಹಾಸದ ಮೇಡಂ ಡಿಸೆಂಬರ್‌ನಲ್ಲೇ ಕರೆದು ಹೇಳಿದ್ದರಿಂದ. ಪಕ್ಕದ ಕಾಲೇಜಿನಲ್ಲಿ ನನಗಿಂತ ಹೆಚ್ಚು ಅಂಕ ಪಡೆದಿದ್ದ ಗೆಳತಿಗೆ ಹೇಳುವವರು ಇರಲಿಲ್ಲ. ಅವಳಿಗೆ ಸುದ್ದಿ ತಲುಪಿದಾಗ ಪರೀಕ್ಷೆ ಮುಗಿದಿತ್ತು. ಈಗ ಅವಳು ರಾತ್ರಿ ಪಾಳಿಯ ಕಾಲ್ ಸೆಂಟರ್ ಕೆಲಸದಲ್ಲಿದ್ದಾಳೆ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದನ್ನು ಅವಳು ಆರಿಸಿಕೊಳ್ಳಲಿಲ್ಲ, ಅಷ್ಟೇ ನನ್ನ ಸಂಕಟ.

ಎರಡನೆಯದು ಪ್ರಮಾಣಪತ್ರ. ನಾಡಕಚೇರಿಯಲ್ಲಿ ಪಡೆದ 2ಎ, 3ಬಿ ಜಾತಿ–ಆದಾಯ ಪ್ರಮಾಣಪತ್ರ ರಾಜ್ಯದ ವಿಶ್ವವಿದ್ಯಾಲಯಗಳಿಗೆ, ರಾಜ್ಯದ ವಿದ್ಯಾರ್ಥಿವೇತನಕ್ಕೆ ಸಾಕು. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅದು ನಡೆಯುವುದಿಲ್ಲ. ಅಲ್ಲಿ ಬೇಕಿರುವುದು ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲ ಎಂದು ದೃಢಪಡಿಸುವ ಒಬಿಸಿ ಪ್ರಮಾಣಪತ್ರ. ಜಾತಿಯ ಹೆಸರು ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರುತ್ತದೆ ಎಂದೇನಿಲ್ಲ. ತಾಲ್ಲೂಕು ಕಚೇರಿಯ ಓಡಾಟಕ್ಕೆ ದಿನಗಳು ಹಿಡಿಯುತ್ತವೆ. ಅಪ್ಪ ಅಮ್ಮ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ. ಆದ್ದರಿಂದ ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ, ಅಕ್ಟೋಬರ್‌ನಲ್ಲೇ ಮಾಡಿಸಿಡಿ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ ಗೋಡೆ. ಪದವಿ ಪ್ರವೇಶದ ಸಿಯುಇಟಿ-ಯುಜಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಅದೇ ವಿದ್ಯಾರ್ಥಿ ಮೂರು ವರ್ಷ ಕನ್ನಡದಲ್ಲೇ ಇತಿಹಾಸ ಓದಿ ಎಂ.ಎ. ಬಾಗಿಲಿಗೆ ಬಂದರೆ, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. 2025ರಲ್ಲಿ 90 ನಿಮಿಷಕ್ಕೆ 75 ಪ್ರಶ್ನೆಗಳಿದ್ದವು. ಒಂದಕ್ಕೆ ಸಿಕ್ಕುವುದು 72 ಸೆಕೆಂಡು. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆತ. ‘ಭೂಕಂದಾಯ’ ಎಂದು ಕಲಿತವರು ಅದರ ಇಂಗ್ಲಿಷ್ ಪದವನ್ನು ನೆನಪಿಸಿಕೊಳ್ಳುವಷ್ಟರಲ್ಲೇ ಅರ್ಧ ಸಮಯ ಹೋಗಿರುತ್ತದೆ. ಹಿಂದಿ ಮಾಧ್ಯಮದ ವಿದ್ಯಾರ್ಥಿಗೆ ಈ ಕಷ್ಟವಿಲ್ಲ. ಪರೀಕ್ಷೆ ಅಳೆಯಬೇಕಾದದ್ದು ವಿಷಯಜ್ಞಾನವನ್ನೋ, ಅನುವಾದದ ವೇಗವನ್ನೋ?

ಮುಂದೆ ನೆಟ್ ಪರೀಕ್ಷೆಯಲ್ಲೂ ಇದೇ ಕಥೆ. ಕನ್ನಡ ಎಂ.ಎ. ಮಾಡಿದವರು ಎರಡನೇ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಎಲ್ಲರಿಗೂ ಕಡ್ಡಾಯವಾದ ಮೊದಲ ಪತ್ರಿಕೆಯ 50 ಪ್ರಶ್ನೆಗಳು ಇಂಗ್ಲಿಷ್–ಹಿಂದಿಯಲ್ಲೇ ಇರುತ್ತವೆ. ಜೂನಿಯರ್ ರಿಸರ್ಚ್ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. 2024ರ ಜೂನ್‌ನಿಂದ ನೆಟ್ ಅಂಕವನ್ನು ಪಿಎಚ್‌.ಡಿ. ಪ್ರವೇಶಕ್ಕೂ ಬಳಸುವ ವ್ಯವಸ್ಥೆ ಬಂದಿದೆ. ಹೀಗಾಗಿ ಈ ಗೋಡೆಯ ಎತ್ತರ ಇನ್ನಷ್ಟು ಹೆಚ್ಚಿದಂತಾಗಿದೆ.

ಇಷ್ಟೆಲ್ಲ ದಾಟಿದವರಿಗೆ ಎದುರಾಗುವುದು ಒಂದು ಪುಟ. ಖಾಸಗಿ ಮತ್ತು ವಿದೇಶಿ ವಿಶ್ವವಿದ್ಯಾಲಯಗಳು ‘ಯಾಕೆ ಈ ವಿಷಯ ಓದಬೇಕು’ ಎಂದು ಬರೆಸುತ್ತವೆ. ಪಿಎಚ್‌.ಡಿ.ಗೆ ಸಂಶೋಧನಾ ಪ್ರಸ್ತಾವ ಕೇಳುತ್ತಾರೆ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರವೇಶ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಇಲ್ಲಿ ನಮ್ಮವರು ಗೂಗಲ್‌ನಲ್ಲಿ ಸಿಕ್ಕ ‘ಚಿಕ್ಕಂದಿನಿಂದಲೂ ಆಸಕ್ತಿ’ ಎಂಬ ಸಾಲನ್ನು ಇಳಿಸಿಬಿಡುತ್ತಾರೆ. ಇಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ ಎಂದು ನಾನು ನಂಬುತ್ತೇನೆ.

ಯಾಕೆಂದರೆ ಪ್ರಶ್ನೆಗಳು ನಮ್ಮ ಬೀದಿಯಲ್ಲೇ ಇವೆ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ಕೋಲಾರದ ಗಣಿ ಕಾರ್ಮಿಕರು ಮತ್ತು ಬೆಂಗಳೂರಿನ ಗಿರಣಿ ಕಾರ್ಮಿಕರ ಬದುಕಿನ ಮೇಲೆ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಕಾರ್ಮಿಕರ ಬದುಕು ಇತಿಹಾಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದಿನ ಐ.ಟಿ. ಪಾರ್ಕುಗಳ ಊರಾದ ಬಗೆ ಒಂದು ವಿಷಯ. ಉತ್ತರ ಕರ್ನಾಟಕ, ಒಡಿಶಾ, ಬಿಹಾರದವರು ಒಂದೇ ಶೆಡ್‌ನಲ್ಲಿ ದುಡಿಯುವಾಗ ಹುಟ್ಟುವ ಮಿಶ್ರ ಮಾತು ಇನ್ನೊಂದು. ಗಾರ್ಮೆಂಟ್ಸ್ ಹೆಂಗಸರ ಬಸ್ ಪ್ರಯಾಣ ಮತ್ತೊಂದು. ದೂರದಿಂದ ಬರುವ ಸಂಶೋಧಕರು ಇವನ್ನು ತಿಳಿಯಲು ತಿಂಗಳುಗಟ್ಟಲೆ ಅಲೆಯಬೇಕು. ನಮಗೆ ಇದು ಮನೆಯ ಮಾತು. ಅದನ್ನು ನಾಚಿಕೆಯಿಲ್ಲದೆ ಆ ಪುಟದಲ್ಲಿ ಬರೆಯಬೇಕು.

ಈಗ ಅಪ್ಪನ ಪ್ರಶ್ನೆ. ಸುಳ್ಳು ಭರವಸೆ ಕೊಡಲಾರೆ. ಎಂ.ಎ. ಆದ ತಕ್ಷಣ ಯಾವ ಕಂಪನಿಯೂ ಆಫರ್ ಲೆಟರ್ ಹಿಡಿದು ನಿಂತಿರುವುದಿಲ್ಲ. ಸರ್ಕಾರಿ ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆ ಬಿ.ಎಡ್. ಬೇಕು. ಪದವಿ ಕಾಲೇಜಿಗೆ ನೆಟ್, ಕೆ-ಸೆಟ್ ಅಥವಾ ಪಿಎಚ್‌.ಡಿ. ಬೇಕು. ನೇಮಕಾತಿ ತಡವಾದರೆ ಅತಿಥಿ ಉಪನ್ಯಾಸಕರಾಗಿ ವರ್ಷಗಳು ಕಳೆಯಬಹುದು. ಇದೆಲ್ಲ ತಿಳಿದೇ ಹೆಜ್ಜೆ ಇಡಬೇಕು. ಅನುವಾದ, ಪತ್ರಿಕೋದ್ಯಮ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ, ಸ್ಪರ್ಧಾತ್ಮಕ ಪರೀಕ್ಷೆ – ದಾರಿಗಳು ಇವೆ, ಆದರೆ ಹುಡುಕಿಕೊಂಡು ಹೋಗಬೇಕು. ತಿಳಿದು ‘ಬೇಡ’ ಎನ್ನುವುದು ಬೇರೆ, ತಿಳಿಯದೇ ತಪ್ಪಿಹೋಗುವುದು ಬೇರೆ.

ಆದ್ದರಿಂದ ನನ್ನ ಕೋರಿಕೆ ಎರಡು. ಸಿಯುಇಟಿ-ಪಿಜಿಯ ಮಾನವಿಕ ಪತ್ರಿಕೆಗಳು ಕನ್ನಡದಲ್ಲೂ ಬರಬೇಕು. ಪದವಿಗೆ 13 ಭಾಷೆ ಸಾಧ್ಯವಾದಾಗ ಎಂ.ಎ.ಗೆ ಯಾಕೆ ಆಗದು? ಇದಕ್ಕೆ ನಮ್ಮ ವಿಶ್ವವಿದ್ಯಾಲಯಗಳು, ಸಂಸದರು ದನಿ ಎತ್ತಬೇಕು. ಎರಡನೆಯದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ. ಪ್ರತಿ ಪದವಿ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಬಿ.ಎ. ಅಂತಿಮ ವರ್ಷದವರಿಗೆ ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಕೊಡಲಿ. ಯಾವ ಪರೀಕ್ಷೆ, ಯಾವ ತಿಂಗಳು, ಯಾವ ಪ್ರಮಾಣಪತ್ರ, ಎಲ್ಲಿ ಶುಲ್ಕ ವಿನಾಯಿತಿ ಎಂದು ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಈಗಾಗಲೇ ಸೇರಿರುವ ನಾವು ಓದಿದ ಕಾಲೇಜಿಗೆ ವರ್ಷಕ್ಕೊಮ್ಮೆ ಹೋಗಿ ಹೇಳಿ ಬರಬಹುದು. ಈ ಡಿಸೆಂಬರ್‌ನಲ್ಲಿ ನಾನು ಹೋಗುತ್ತಿದ್ದೇನೆ. ನೀವು ಅಂತಿಮ ಬಿ.ಎ.ಯಲ್ಲಿದ್ದರೆ ಯಾರಾದರೂ ಕರೆಯಲಿ ಎಂದು ಕಾಯಬೇಡಿ. ನಿಮ್ಮ ಮೇಷ್ಟ್ರನ್ನೋ ಮೇಡಂ ಅವರನ್ನೋ ಈ ವಾರವೇ ಹೋಗಿ ಕೇಳಿ.