ಸಾರಥಿಯ ಗುಣ

ಒಳ್ಳೆಯ ಸಾರಥಿಯನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಯನ್ನು ಈ ಮಾಸದ ವಿಚಾರಕ್ಕೆ ಎತ್ತಿಕೊಂಡಿರುವೆವು. ಚಾರ್ಮಾಡಿಯ ಜನರಿಗೆ ಈ ಪ್ರಶ್ನೆ ಹೊಸದಲ್ಲ. ಕೊಟ್ಟಿಗೆಹಾರದಿಂದ ಘಾಟಿಯಿಳಿದು ಬರುವ ಬಸ್ಸು ಲಾರಿಗಳನ್ನು ದಿನವೂ ಕಾಣುವ ಅವರು, ತಿರುವಿನಲ್ಲಿ ಬ್ರೇಕು ಕಿರುಗುಟ್ಟುವ ಸದ್ದಿನಿಂದಲೇ ಚಾಲಕನ ಸ್ವಭಾವವನ್ನು ಹೇಳಬಲ್ಲರು. ಘಾಟಿಯ ಮೇಲೆ, ಚಿಕ್ಕಮಗಳೂರಿನ ಕಾಫಿತೋಟಗಳ ನಡುವೆ, ಮೋಟಾರು ಪಂದ್ಯಗಳು ನಡೆದುದುಂಟು. ಆದರೆ ಘಾಟಿಯ ಕೆಳಗಿನ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಸೀಮೆಗಳಲ್ಲಿ ವೇಗದ ಸಾರಥ್ಯವೆಂದರೆ ಕಂಬಳದ ಕರೆಯಲ್ಲಿ ಕೋಣಗಳನ್ನು ಓಡಿಸುವುದೇ. ಚಾರ್ಮಾಡಿಯಿಂದ ಉಜಿರೆ, ಬೆಳ್ತಂಗಡಿಗಳನ್ನು ದಾಟಿ, ಗುರುವಾಯನಕೆರೆಯಲ್ಲಿ ಬಲಕ್ಕೆ ಹೊರಳಿದರೆ ವೇಣೂರು ಸಿಕ್ಕುತ್ತದೆ. ಅಲ್ಲಿಂದ ಮುಂದೆ ಮೂಡುಬಿದಿರೆ. ಮೋಟಾರು ಪಂದ್ಯದ ವೀರರನ್ನು ಲೋಕವು ಹೇಗೆ ತೂಗಿ ನೋಡುವುದೋ, ಈ ದಾರಿಯ ಊರುಗಳಲ್ಲಿ ಕೋಣ ಓಡಿಸುವವರನ್ನು ಹಾಗೆಯೇ ತೂಗಿ ನೋಡುವರು.

2020ನೆಯ ಇಸವಿಯಲ್ಲಿ ಈ ತೂಕದ ಮಾತು ದೇಶವನ್ನೆಲ್ಲ ಸುತ್ತಿಬಂದಿತು. ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ, ಮೂಡುಬಿದಿರೆಯ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರು ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ, ನೂರು ಮೀಟರಿಗೆ 9.55 ಸೆಕೆಂಡು ಬೀಳುತ್ತದೆ, ಉಸೇನ್ ಬೋಲ್ಟನು 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ದಾಖಲೆಯಾದರೋ 9.58, ಎಂದು ಸಾರಿದರು. ಅದೇ ತಿಂಗಳಲ್ಲಿ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರಿನ ಕರೆಯನ್ನು ಇನ್ನೂ ವೇಗವಾಗಿ ಕ್ರಮಿಸಿದರು; ಅವರ ಲೆಕ್ಕ ನೂರು ಮೀಟರಿಗೆ 9.51 ಎಂದಾಯಿತು. 1604ರಿಂದ ಕದಲದೆ ನಿಂತಿರುವ ಬಾಹುಬಲಿಯ ಊರಿನಲ್ಲಿ ಇಂಥ ವೇಗ ಕಂಡುಬಂದುದು ವಿನೋದವೇ ಸರಿ.

ಈ ಲೆಕ್ಕವನ್ನು ವಾಚಕರು ಕೊಂಚ ಎಚ್ಚರದಿಂದ ನೋಡಬೇಕು. ನಿಂತಲ್ಲಿಂದ ಹೊರಡುವ ಯಾವನಿಗೇ ಆಗಲಿ ಮೊದಲ ಕೆಲವು ಹೆಜ್ಜೆಗಳು ನಿಧಾನ. ದೂರ ಹೆಚ್ಚಿದಂತೆ ಆ ನಿಧಾನವು ಹಂಚಿಹೋಗುವುದರಿಂದ, ಉದ್ದದ ಓಟವನ್ನು ಭಾಗಿಸಿ ನೂರು ಮೀಟರಿಗೆ ಇಳಿಸಿದರೆ ಓಡಿದವನಿಗೆ ಲಾಭವೇ. ಬೋಲ್ಟನು 2009ರಲ್ಲಿಯೇ ಮ್ಯಾಂಚೆಸ್ಟರಿನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದ್ದನು. ಅದನ್ನು ಇದೇ ರೀತಿ ಭಾಗಿಸಿ 142.5 ಮೀಟರಿಗೆ ಇಳಿಸಿದರೆ 13.63 ಸೆಕೆಂಡು ಬರುತ್ತದೆ. ಐಕಳದ ಅಂಕಿಗೂ ಇದಕ್ಕೂ ಕೂದಲೆಳೆಯ ಅಂತರ! ಆದರೆ ಬೋಲ್ಟನ ಕಾಲಡಿ ಗಟ್ಟಿ ನೆಲವಿತ್ತು, ಮುಂದೆ ಎಳೆಯುವ ಕೋಣಗಳಿರಲಿಲ್ಲ. ಗೌಡರ ಕಾಲಡಿ ಕೆಸರಿತ್ತು, ಕೈಯಲ್ಲಿ ಎರಡು ಕೋಣಗಳ ಬಲವಿತ್ತು. ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆಯಲು ನಮ್ಮಲ್ಲಿ ತಕ್ಕಡಿಯಿಲ್ಲ. ಐಕಳದ ಅಂಕಿಯನ್ನೂ ವೇಣೂರಿನ ಅಂಕಿಯನ್ನೂ ಪರಸ್ಪರ ಹೋಲಿಸುವುದು ಕೂಡ ಸುಲಭವಲ್ಲ: ಕರೆಯ ಉದ್ದ ಬೇರೆ, ಮಣ್ಣು ಬೇರೆ, ನೀರಿನ ಆಳ ಬೇರೆ, ಎಲ್ಲಕ್ಕಿಂತ ಮೇಲಾಗಿ ಕೋಣಗಳು ಬೇರೆ.

ಮೋಟಾರು ಪಂದ್ಯದಲ್ಲಿಯೂ ಇದೇ ತೊಡಕು. ಗೆದ್ದುದು ಬಂಡಿಯೋ ಬಂಡಿ ನಡೆಸಿದವನೋ ಎಂಬ ಜಗಳ ಅಲ್ಲಿ ತೀರುವುದಿಲ್ಲ. ಒಮ್ಮೆ ಮಾತ್ರ ಅದು ಬಹುಮಟ್ಟಿಗೆ ತೀರುವ ಸಂದರ್ಭ ಒದಗಿತು. 1988ರಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ, ಫ್ರಾನ್ಸಿನ ಅಲೆನ್ ಪ್ರೋಸ್ಟ್ ಇಬ್ಬರೂ ಮೆಕ್‌ಲಾರೆನ್ ತಂಡದಲ್ಲಿ ಒಂದೇ ಬಗೆಯ ಬಂಡಿಗಳನ್ನು ನಡೆಸಿದರು. ಆ ವರ್ಷದ 16 ಪಂದ್ಯಗಳಲ್ಲಿ 15ನ್ನು ಇವರೇ ಗೆದ್ದರು. ಸೆನ್ನಾನಿಗೆ 8, ಪ್ರೋಸ್ಟನಿಗೆ 7. ಮೊನಾಕೋ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಅರ್ಹತೆಯ ಸುತ್ತಿನ ದಿನ ಸೆನ್ನಾನು ಪ್ರೋಸ್ಟನಿಗಿಂತ ಸುಮಾರು 1.4 ಸೆಕೆಂಡು ಮುಂದಿದ್ದನು. ಒಂದೇ ಬಂಡಿಯಲ್ಲಿ ಇಷ್ಟು ಅಂತರವೆಂದರೆ ಅದು ಕೈಯ ಚಮತ್ಕಾರವೇ ಹೊರತು ಯಂತ್ರದ್ದಲ್ಲ. ಮಾರನೆಯ ದಿನ ಪಂದ್ಯದಲ್ಲಿಯೂ ಬಹಳ ಮುಂದಿದ್ದ ಅವನು, ವೇಗ ತಗ್ಗಿಸೆಂಬ ಸೂಚನೆ ಬಂದ ಮೇಲೆ, ಕೊನೆಗೆ ಹತ್ತು ಹನ್ನೆರಡು ಸುತ್ತುಗಳಷ್ಟೇ ಉಳಿದಿದ್ದಾಗ, ಬಂಡಿಯನ್ನು ಗೋಡೆಗೆ ತಾಗಿಸಿದನು. ಗೆದ್ದವನು ಪ್ರೋಸ್ಟ್. ‘ಪ್ರೊಫೆಸರ್’ ಎಂಬ ಅಡ್ಡಹೆಸರು ಪಡೆದ ಆತನು ವರ್ಷದ ಕೊನೆಗೆ ಒಟ್ಟು 105 ಅಂಕಗಳನ್ನೂ ಸೆನ್ನಾನು 94ನ್ನೂ ಗಳಿಸಿದ್ದರು. ಆದರೆ ಅತ್ಯುತ್ತಮವಾದ 11 ಪಂದ್ಯಗಳನ್ನಷ್ಟೇ ಎಣಿಸುವ ಅಂದಿನ ನಿಯಮದಂತೆ 90ಕ್ಕೆ 87ರಿಂದ ಪಟ್ಟವು ಸೆನ್ನಾನಿಗೆ ಸಂದಿತು. ನಮ್ಮ ಓಟು ಕೇಳಿದರೆ, ಒಂದು ಸುತ್ತಿಗೆ ಸೆನ್ನಾ, ಒಂದು ವರ್ಷಕ್ಕೆ ಪ್ರೋಸ್ಟ್.

ಕಂಬಳದಲ್ಲಿ ಇಂಥ ಪರೀಕ್ಷೆ ದುರ್ಲಭ. ಆದರೆ ಅಲ್ಲಿ ವಿಭಾಗಗಳಿವೆ. ಒಂದೊಂದು ವಿಭಾಗವೂ ಓಡಿಸುವವನಿಂದ ಒಂದೊಂದು ಬಗೆಯ ಗುಣವನ್ನು ಕೇಳುತ್ತದೆ. ಹಗ್ಗದ ಓಟದಲ್ಲಿ ಕೋಣಗಳಿಗೂ ಮನುಷ್ಯನಿಗೂ ನಡುವೆ ಒಂದು ಹಗ್ಗ ಮಾತ್ರ. ಕಾಲು ತಪ್ಪಿದರೆ ಕೆಸರಿನಲ್ಲಿ ಉದ್ದಕ್ಕೆ ಎಳೆಸಿಕೊಳ್ಳುವುದೇ ಗತಿ. ಇಲ್ಲಿ ಶುದ್ಧವಾದ ವೇಗವೂ ಧೈರ್ಯವೂ ಬೇಕು. ನೇಗಿಲಿನ ಓಟದಲ್ಲಿ ಹಿಡಿಯಲು ಮರವೊಂದಿರುತ್ತದೆ. ಅದರ ಮೇಲೆ ಹೆಚ್ಚು ಭಾರ ಬಿಟ್ಟರೆ ಕೋಣಗಳ ಓಟ ಕುಂದುತ್ತದೆ, ಬಿಡದಿದ್ದರೆ ಹಿಡಿತ ತಪ್ಪುತ್ತದೆ. ಅಡ್ಡ ಹಲಗೆಯಲ್ಲಿ ಓಡುವ ಮಾತಿಲ್ಲ, ಹಲಗೆಯ ಮೇಲೆ ನಿಂತು ಸಾಗಬೇಕು. ಇನ್ನು ಕನೆ ಹಲಗೆಯೆಂದರೆ ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ತೂತುಗಳುಳ್ಳ ಚಿಕ್ಕ ಹಲಗೆಯ ಮೇಲೆ ಒಂದು ಕಾಲೂರಿ ನಿಂತವನು, ಕೋಣಗಳ ವೇಗದಿಂದಲೂ ತನ್ನ ಕಾಲಿನ ಒತ್ತಡದಿಂದಲೂ ನೀರನ್ನು ಆಕಾಶಕ್ಕೆ ಚಿಮ್ಮಿಸಿ, ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ತೋಯಿಸಬೇಕು. ಮೊದಲು ಮುಟ್ಟಿದವನಾರೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಆತುರಗಾರನಿಗೆ ಇಲ್ಲಿ ಕೆಲಸವಿಲ್ಲ. ಹಗ್ಗದಲ್ಲಿ ಹೆಸರು ಮಾಡಿದವನೆಲ್ಲ ಕನೆ ಹಲಗೆಯ ಮೇಲೆ ನಿಲ್ಲಲಾರನು.

ವಿಭಾಗ ಯಾವುದಾದರೂ, ಒಂದು ಗುಣ ಮಾತ್ರ ಸಾಮಾನ್ಯ. ಜೋಡಿಯ ಎರಡು ಕೋಣಗಳ ಸ್ವಭಾವ ಒಂದೇ ಆಗಿರುವುದಿಲ್ಲ. ಒಂದು ನುಗ್ಗುವುದು, ಇನ್ನೊಂದು ಹಿಂಜರಿಯುವುದು. ಒಂದೇ ಕಂಬಳದಲ್ಲಿ ಬೇರೆ ಬೇರೆ ಯಜಮಾನರ ಜೋಡಿಗಳನ್ನು ಓಡಿಸುವವನು, ಕರೆಯ ಆರಂಭದ ಗಂತಿನಲ್ಲಿ ನಿಂತಿರುವ ಕೆಲವು ನಿಮಿಷಗಳಲ್ಲಿಯೇ ಅವುಗಳ ಅಂದಿನ ಮನಸ್ಸನ್ನು ಅರಿಯಬೇಕಾಗುತ್ತದೆ. ನಮ್ಮ ಕಡೆಯ ತಾಳಮದ್ದಳೆಗಳಲ್ಲಿ ಕರ್ಣಪರ್ವ ಕೇಳಿದವರಿಗೆ ಶಲ್ಯನು ನೆನಪಾಗದಿರನು. ಅಶ್ವಹೃದಯ ಬಲ್ಲುದರಲ್ಲಿ ಆತನು ಶ್ರೀಕೃಷ್ಣನಿಗೆ ಸಮನೆಂದೇ ಕರ್ಣನು ಅವನನ್ನು ಬಯಸಿದುದು. ಕುದುರೆಗಳ ಮನಸ್ಸನ್ನು ಬಲ್ಲ ಅವನು ರಥದಲ್ಲಿದ್ದವನ ಮನಸ್ಸನ್ನು ಕುಂದಿಸಿದನು. ವಿದ್ಯೆ ಪೂರ್ಣ, ಮನೋಧರ್ಮ ಅಪೂರ್ಣ; ಇಂಥವರು ಕಂಬಳದಲ್ಲಿಯೂ ಇಲ್ಲದಿಲ್ಲ, ಘಾಟಿಯ ಬಸ್ಸುಗಳಲ್ಲಿಯೂ ಇಲ್ಲದಿಲ್ಲ.

ಶ್ರೀನಿವಾಸ ಗೌಡರ ವಿಚಾರದಲ್ಲಿ ನಮಗೆ 13.62ಕ್ಕಿಂತ ಹೆಚ್ಚು ಮೆಚ್ಚಿಕೆಯಾದುದು ಆಮೇಲಿನ ಸಂಗತಿ. ಕೇಂದ್ರದ ಕ್ರೀಡಾ ಮಂತ್ರಿಗಳಾಗಿದ್ದ ಕಿರಣ್ ರಿಜಿಜು ಅವರು ಬೆಂಗಳೂರಿನಲ್ಲಿ ಓಟದ ಪರೀಕ್ಷೆಗೆ ಏರ್ಪಾಡು ಮಾಡಿಸಿದರು. ಕಟ್ಟಡದ ಕೂಲಿಕೆಲಸದಿಂದ ಜೀವನ ಸಾಗಿಸುತ್ತಿದ್ದ ಇಪ್ಪತ್ತೆಂಟರ ಯುವಕನಿಗೆ ಅದು ಸಾಮಾನ್ಯವಾದ ಆಮಿಷವೇ? ಗೌಡರು ಒಲ್ಲೆನೆಂದರು. ಕಂಬಳದಲ್ಲಿ ಹಿಮ್ಮಡಿಯೂರಿ ಓಡುವುದು, ಮೈದಾನದ ಓಟದಲ್ಲಿ ಕಾಲ್ಬೆರಳ ಮೇಲೆ ಓಡುವುದು, ಎರಡೂ ಬೇರೆ. ಅಲ್ಲದೆ ಕಂಬಳದ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ವಾದದ ತಿರುಳು. ದೇಶವೆಲ್ಲ ಹೊಗಳುತ್ತಿರುವಾಗ ಹೊಗಳಿಕೆಯ ಅರ್ಧವನ್ನು ಮೂಕಪ್ರಾಣಿಗಳಿಗೆ ಹಂಚಿದವನ ತಲೆ ನೆಟ್ಟಗಿದೆಯೆಂದೇ ನಾವು ತಿಳಿಯುತ್ತೇವೆ. ಅವರು ಹೋಗಿ ಓಡಬೇಕಿತ್ತೆಂದು ಇಂದಿಗೂ ಮರುಗುವವರಿದ್ದಾರೆ. ನಮಗೆ ಆ ಮರುಕವಿಲ್ಲ.

ಈ ಮನೋಧರ್ಮದ ಮಾತು ಈಗ ಬರಿಯ ಚರ್ಚೆಯಾಗಿ ಉಳಿದಿಲ್ಲ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮೊದಲಾದವನ್ನು ನಿಷೇಧಿಸಿದಾಗ ಕಂಬಳಕ್ಕೂ ಕುತ್ತು ಬಂದಿತು. 2017ರಲ್ಲಿ ಕರ್ನಾಟಕವು ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಅದನ್ನು ಎತ್ತಿಹಿಡಿಯಿತು. ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕಂಬಳ ನಡೆದು ಹೋಯಿತು. ಆದರೆ ಈ ಅನುಮತಿಯು ಪ್ರಾಣಿಗಳಿಗೆ ಅನಾವಶ್ಯಕವಾದ ನೋವಾಗಬಾರದೆಂಬ ನಿಬಂಧನೆಗೆ ಒಳಪಟ್ಟದ್ದು. ಬೆತ್ತ ಬೀಸಿ ಗೆದ್ದವನು ಒಂದು ಬಹುಮಾನವನ್ನು ಗೆದ್ದು ಇಡೀ ಆಟವನ್ನು ಸೋಲಿಸಬಲ್ಲನು. ಮಿಯಾರಿನಲ್ಲಿ ಗುಣಪಾಲ ಕಡಂಬರು ನಡೆಸಿದ ಕಂಬಳ ಅಕಾಡೆಮಿಯಂಥ ಶಿಕ್ಷಣವು ಈ ಕಾರಣದಿಂದಲೇ ಬೆಲೆಯುಳ್ಳದ್ದು.

ಚಳಿಗಾಲದ ಕಂಬಳಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರು ಸಾಮಾನ್ಯವಾಗಿ ಓಟ ಮುಗಿಯುವ ಮಂಜೊಟ್ಟಿಯ ಬಳಿ ಜಾಗ ಹಿಡಿಯುವರು. ಅಲ್ಲಿ ಕಾಣುವುದು ಗಡಿಯಾರದ ಅಂಕಿ ಮಾತ್ರ. ಒಂದಷ್ಟು ಹೊತ್ತು ಗಂತಿನ ಬಳಿಗೂ ಹೋಗಿ ನಿಲ್ಲಲಿ. ಬಿಡುವ ಮುಂಚೆ ಓಟಗಾರನ ಕೈ ಬೆತ್ತದ ಮೇಲಿರುತ್ತದೆಯೋ, ಕೋಣದ ಬೆನ್ನಿನ ಮೇಲಿರುತ್ತದೆಯೋ, ಮಕ್ಕಳೇ ನೋಡಿ ಹೇಳುವರು.