ಸೈಟು ಕೊಳ್ಳುವ ಮುನ್ನ ನಿದ್ದೆಯ ಲೆಕ್ಕ

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊಸಕೋಟೆ, ದೇವನಹಳ್ಳಿ ಕಡೆ ಹೊರಡುವ ‘ಸೈಟ್ ವಿಸಿಟ್’ ಕಾರುಗಳಲ್ಲಿ ಹಬ್ಬದ ಕಳೆ ಇರುತ್ತದೆ. ಗಾಡಿಯೂ ಕಂಪನಿಯದೇ, ಊಟವೂ ಕಂಪನಿಯದೇ. ಹೋಗಿ ನೋಡಿದರೆ ಕೆಂಪು ಮಣ್ಣಿನಲ್ಲಿ ಸಾಲಾಗಿ ನೆಟ್ಟ ಕಲ್ಲುಗಳು, ಅವುಗಳ ಮೇಲೆ ಬಣ್ಣದಲ್ಲಿ ಬರೆದ ನಂಬರು, ಮುಂದೊಂದು ಭರ್ಜರಿ ಕಮಾನು. ಬ್ರೋಕರ್ ಬೆರಳು ತೋರಿಸಿದ ಕಡೆಯಲ್ಲೆಲ್ಲ ರಸ್ತೆ ಬರಲಿದೆ, ಮೆಟ್ರೊ ಬರಲಿದೆ. ಬಂದವರು ಕೇಳುವುದು ಒಂದೇ: ಐದು ವರ್ಷಕ್ಕೆ ಎಷ್ಟಾಗುತ್ತದೆ? ಈ ದುಡ್ಡು ಹತ್ತು ವರ್ಷ ಕೈಗೆ ಸಿಗದೇ ಹೋದರೆ ಸಂಸಾರ ತಡೆದುಕೊಳ್ಳುತ್ತದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ.

ಹತ್ತು ವರ್ಷ ಎಂಬುದು ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನ ಅರ್ಕಾವತಿ ಬಡಾವಣೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2003ರಲ್ಲಿ, ಅಂತಿಮ ಅಧಿಸೂಚನೆ 2004ರಲ್ಲಿ. ಆಮೇಲೆ ಡಿನೋಟಿಫಿಕೇಶನ್ ರಗಳೆ, ಹೈಕೋರ್ಟು, 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು, ಆನಂತರವೂ ಮುಗಿಯದ ತಕರಾರು. ಹಣ ಕಟ್ಟಿ ಹಂಚಿಕೆ ಪತ್ರ ಕೈಯಲ್ಲಿ ಹಿಡಿದ ಎಷ್ಟೋ ಮಂದಿಗೆ ತಮ್ಮ ಸೈಟಿನ ಜಾಗವೇ ಬಡಾವಣೆಯಿಂದ ಕೈಬಿಟ್ಟುಹೋಗಿದೆ ಎಂದು ತಡವಾಗಿ ಗೊತ್ತಾಯಿತು. ಮಾರಿದ್ದು ಸರ್ಕಾರಿ ಪ್ರಾಧಿಕಾರ, ಪತ್ರದ ಮೇಲೆ ಸರ್ಕಾರಿ ಮೊಹರು. ಅಲ್ಲಿಯೇ ಈ ಪಾಡಾದರೆ, ಕೃಷಿ ಜಮೀನನ್ನು ಅನುಮೋದನೆಯಿಲ್ಲದೆ ತುಂಡು ಮಾಡಿ ಮಾರುವ ರೆವಿನ್ಯೂ ಸೈಟಿನ ಮಾತು ಬೇರೆ ಹೇಳಬೇಕೇ?

ಹೂಡಿಕೆಯ ಧೈರ್ಯವನ್ನು ನಾವು ಬೆಲೆಯ ಏರಿಳಿತದಲ್ಲಷ್ಟೇ ಅಳೆಯುತ್ತೇವೆ. ಭೂಮಿ ಪರೀಕ್ಷಿಸುವುದು ಬೇರೆ ಗುಣವನ್ನು. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಸಾಲುಸಾಲು ಓದುವುದು, ಮೂಲಪತ್ರದಿಂದ ಇಂದಿನ ಕ್ರಯಪತ್ರದವರೆಗೆ ಕೊಂಡಿ ಎಲ್ಲಾದರೂ ತಪ್ಪಿದೆಯೇ ಎಂದು ವಕೀಲರ ಮುಂದೆ ಕೂರುವುದು, ಖಾತೆಗಾಗಿ ಕಚೇರಿ ಅಲೆಯುವುದು, ಪಕ್ಕದವನು ಬೇಲಿ ಒತ್ತಿದನೇ ಎಂದು ಆಗಾಗ ಹೋಗಿ ನೋಡುವುದು. ಇದೆಲ್ಲ ಕೆಲವರಿಗೆ ಹುರುಪಿನ ಕೆಲಸ. ಕೋರ್ಟಿನ ನೋಟಿಸು ಬಂದರೂ ಉಂಡು ಮಲಗುತ್ತಾರೆ. ಕರೆಂಟ್ ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚು ಬಂದರೆ ನಿದ್ದೆಗೆಡುವವರೂ ಇದ್ದಾರೆ. ಇವರಿಬ್ಬರಿಗೂ ಒಂದೇ ಸೈಟು ಒಳ್ಳೆಯ ಹೂಡಿಕೆಯಾಗಲು ಸಾಧ್ಯವಿಲ್ಲ.

ಫ್ಲ್ಯಾಟಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬಹುದು. 80 ಲಕ್ಷದ ಫ್ಲ್ಯಾಟು, 60 ಲಕ್ಷ ಸಾಲ, ಶೇ 8.5ರ ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ಇಎಂಐ ಸುಮಾರು 52 ಸಾವಿರ. ಬಾಡಿಗೆ 22 ಸಾವಿರ ಬಂದರೆ ತಿಂಗಳಿಗೆ 30 ಸಾವಿರ ಜೇಬಿನಿಂದಲೇ ಹೋಗಬೇಕು. ಮೇಂಟೆನೆನ್ಸ್, ಬಾಡಿಗೆದಾರ ಬಿಟ್ಟುಹೋದ ಖಾಲಿ ತಿಂಗಳುಗಳು ಬೇರೆ. ರಾಜ್ಯದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ ಸೇರಿದರೆ ಸೆಸ್ಸು, ಸರ್‌ಚಾರ್ಜು ಬಿಟ್ಟೇ 5.6 ಲಕ್ಷ. ಎರಡು ವರ್ಷದ ಬಾಡಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಮುಗಿಯಿತು! ಸಾಲ ಕೊಡುವ ಬ್ಯಾಂಕು ನೋಡುವುದು ಸಂಬಳದ ಚೀಟಿಯನ್ನು. ಕೆಲಸ ಹೋದರೆ ಎಷ್ಟು ಕಂತು ಕಟ್ಟಬಲ್ಲಿರಿ ಎಂಬುದನ್ನು ಮನೆಯ ಖರ್ಚು ತೂಗಿಸುವವರೇ ಹೇಳಬೇಕು. ಎಷ್ಟೋ ಮನೆಗಳಲ್ಲಿ ಅವರನ್ನು ಕೇಳುವುದೇ ಟೋಕನ್ ಕೊಟ್ಟ ಮೇಲೆ.

ಈ ಜಂಜಾಟವೇ ಬೇಡ ಎನ್ನುವವರಿಗೆ ರೀಟ್ ಇದೆ, ಅಂದರೆ ಬಾಡಿಗೆ ತರುವ ಕಟ್ಟಡಗಳಲ್ಲಿ ಷೇರಿನಂತೆ ಪಾಲು ಕೊಳ್ಳಲು ಬಿಡುವ ಹೂಡಿಕೆ ಟ್ರಸ್ಟ್. ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್‌ನಲ್ಲಿ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂದಾಗ ಯೂನಿಟ್ಟಿಗೆ 300 ರೂಪಾಯಿ. ಕನಿಷ್ಠ 800 ಯೂನಿಟ್, ಅಂದರೆ 2.4 ಲಕ್ಷ ಬೇಕಿತ್ತು. 2021ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ನಿಯಮ ಸಡಿಲಿಸಿದ ಮೇಲೆ ಒಂದೇ ಯೂನಿಟ್ ಕೊಳ್ಳಬಹುದು. ವಿತರಿಸಬಹುದಾದ ನಗದಿನಲ್ಲಿ ಶೇ 90ರಷ್ಟನ್ನಾದರೂ ಹೂಡಿಕೆದಾರರಿಗೆ ಹಂಚಲೇಬೇಕು. ಖಾತೆಯ ಗೋಳಿಲ್ಲ, ಬೇಲಿಯ ಚಿಂತೆಯಿಲ್ಲ. ಬೆಲೆ ಮಾತ್ರ ದಿನವೂ ಕಣ್ಣೆದುರು ಕುಣಿಯುತ್ತದೆ. ಇದೇ ಯೂನಿಟ್ 2023ರಲ್ಲಿ ಮತ್ತೆ 300ರ ಆಸುಪಾಸಿಗೆ ಇಳಿದಿತ್ತು. ಸೈಟಿನ ಬೆಲೆಯೂ ಇಳಿಯುತ್ತದೆ, ಆದರೆ ಅದನ್ನು ಮೊಬೈಲು ದಿನಾ ತೋರಿಸುವುದಿಲ್ಲ. ಹೀಗೆ ಕಣ್ಣಿಗೆ ಬೀಳದಿರುವುದನ್ನೇ ಭೂಮಿಯ ಭದ್ರತೆ ಎಂದು ನಂಬಿದವರು ಬಹಳ ಮಂದಿ.

ವಿದೇಶದಲ್ಲಿರುವ ಕನ್ನಡಿಗರದು ಇನ್ನೊಂದು ಕತೆ. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿತು. ಆದರೂ ಅನಿವಾಸಿ ಭಾರತೀಯರು ಕೃಷಿಭೂಮಿ ಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ನಿಯಮ ಅಡ್ಡ ಬರುತ್ತದೆ. ಹಾಗಾಗಿ ಮಗ ಡಾಲರ್ ಕಳಿಸುತ್ತಾನೆ, ಸಕಲೇಶಪುರದ ಕಡೆಯ ತೋಟ ಹಾಸನದಲ್ಲಿರುವ ಅಪ್ಪನ ಹೆಸರಿಗಾಗುತ್ತದೆ. ಪಹಣಿ ತೆಗೆಸುವುದು, ಸರ್ವೆಯವರನ್ನು ಕಾಯುವುದು, ಆಳುಗಳಿಗೆ ಫೋನು ಮಾಡುವುದು ಎಲ್ಲ ಎಪ್ಪತ್ತು ದಾಟಿದ ಆ ಹಿರಿಯರ ಪಾಲಿಗೆ. ರಿಸ್ಕ್ ತೆಗೆದುಕೊಳ್ಳುತ್ತೇನೆ ಎಂದವನು ಮಗ; ಈ ವಯಸ್ಸಿನಲ್ಲಿ ನಿಮ್ಮಿಂದಾದೀತೇ ಎಂದು ಅಪ್ಪನನ್ನು ಕೇಳಿದವರು ಯಾರೂ ಇಲ್ಲ.